ಕ್ರಿಕೆಟ್‌ಗೆ ಬೈದರೆ ಹಾಕಿ ಉಳಿಯಲ್ಲ

ಈ ಸಲ ಕೊಡಗಿಗೆ ಹೋದಾಗ ಅಕ್ಕನ ಮಗ ಅಂಗಳದಲ್ಲಿ ಹಾಕಿ ಸ್ಟಿಕ್ ಹಿಡಿದು ಟೆನಿಸ್ ಬಾಲ್‌ಗೆ ಸಿಕ್ಸರ್ ಹೊಡೆಯುತ್ತಿದ್ದ. ಭಾವನಿಗೆ ಕೋಪ ಬಂತು. ನನಗೆ ಬರಲಿಲ್ಲ.

ನಮ್ಮ ಮಕ್ಕಳನ್ನು ಕ್ರಿಕೆಟ್ ಕಿತ್ತುಕೊಂಡಿತು ಅಂತ ನಮ್ಮ ಕಡೆ ಜಾಸ್ತಿ ಜನ ಹೇಳುತ್ತಾರೆ. ಉದಾಹರಣೆಗೆ ರಾಬಿನ್ ಉತ್ತಪ್ಪ. ಅಪ್ಪ ವೇಣು ಉತ್ತಪ್ಪ ಹಾಕಿ ಅಂಪೈರ್, ಮಗ 2007ರ ಟಿ20 ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಅದರಲ್ಲಿ ತಪ್ಪೇನಿದೆ? ಹುಡುಗನಿಗೆ ಯಾವ ಆಟ ಇಷ್ಟವೋ ಅದನ್ನು ಆಡಲಿ.

ಐಪಿಎಲ್ ಶುರುವಾಗಿದ್ದು 2008ರಲ್ಲಿ. ಅದಾಗಿ ಎಂಟು ವರ್ಷಕ್ಕೆ ರಿಯೋ ಒಲಿಂಪಿಕ್ಸ್ ಹಾಕಿ ತಂಡದಲ್ಲಿ ನಮ್ಮ ರಾಜ್ಯದ ನಾಲ್ವರಿದ್ದರು: ರಘುನಾಥ್, ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಟೋಕಿಯೊದಲ್ಲಿ 41 ವರ್ಷದ ನಂತರ ಪದಕ ಬಂದಾಗ ಪುರುಷರ ತಂಡದಲ್ಲಿ ನಮ್ಮವರು ಒಬ್ಬರೂ ಇರಲಿಲ್ಲ. ಪ್ಯಾರಿಸ್‌ನಲ್ಲೂ ಇಲ್ಲ. ಗಣೇಶ್, ಗೋವಿಂದ, ಸೋಮಯ್ಯ, ಸುಬ್ಬಯ್ಯ ಅವರಂಥ ಭಾರತ ತಂಡದ ಹಾಕಿ ಆಟಗಾರರ ನಾಡು ಇದು. ಹೊಟ್ಟೆ ಉರಿಯುತ್ತದೆ.

ಒಡಿಶಾದಲ್ಲಿ ಕ್ರಿಕೆಟ್ ಹುಚ್ಚು ಇಲ್ವಾ? ಕಟಕ್‌ನಲ್ಲಿ ಮ್ಯಾಚ್ ಇದ್ದರೆ ಸ್ಟೇಡಿಯಂ ತುಂಬುತ್ತದೆ. ಆದರೂ ಟೋಕಿಯೊದ ಪುರುಷರ ಹಾಕಿ ತಂಡಕ್ಕೆ ಸುಂದರ್‌ಗಢ ಜಿಲ್ಲೆ ಲಾಕ್ರಾ, ರೋಹಿದಾಸ್ ಇಬ್ಬರನ್ನು ಕೊಟ್ಟಿತು. ಪಾನ್‌ಪೋಷ್‌ನ ಕ್ರೀಡಾ ಹಾಸ್ಟೆಲ್ ಅಲ್ಲಿನ ಹಳ್ಳಿ ಮಕ್ಕಳನ್ನು ಹುಡುಕಿ ಬೆಳೆಸಿತು. 2018ರಿಂದ ಭಾರತ ತಂಡಕ್ಕೆ ಪ್ರಾಯೋಜಕರೂ ಒಡಿಶಾ ಸರ್ಕಾರವೇ.

ನಮ್ಮಲ್ಲೂ ಹಾಸ್ಟೆಲ್ ಇವೆ, ಟರ್ಫ್ ಇದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಗೆ ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳು, ಅಂದರೆ ಕೊಡವ ಮನೆತನಗಳು, ಬರುತ್ತವೆ. ಅಜ್ಜ, ಮೊಮ್ಮಗಳು ಒಂದೇ ತಂಡದಲ್ಲಿ ಆಡೋದನ್ನು ಇನ್ನೆಲ್ಲಿ ನೋಡ್ತೀರಿ? ಆದರೆ ಈ ಹಾಕಿ ಹಬ್ಬ ಮುಗಿದ ಮೇಲೆ ನಾವು ಎಲ್ಲಿರುತ್ತೇವೆ? ಒಕ್ಕದ ಮ್ಯಾಚ್‌ಗೆ ಬೆಂಗಳೂರಿಂದ ರಜೆ ಹಾಕಿ ಓಡಿ ಬರುತ್ತೇವೆ. ಬೆಂಗಳೂರಲ್ಲೇ ಇರುವ ಅಕ್ಕಿತಿಮ್ಮನಹಳ್ಳಿ ಹಾಕಿ ಸ್ಟೇಡಿಯಂಗೆ ಎಷ್ಟು ಸಲ ಹೋಗಿದ್ದೇವೆ? ನಾನು ಹದಿನಾಲ್ಕು ವರ್ಷದಲ್ಲಿ ಹೋಗಿದ್ದು ಮೂರೇ ಸಲ. ಚಿನ್ನಸ್ವಾಮಿಗೆ ಎಷ್ಟು ಸಲ ಹೋದೆ ಅನ್ನೋದು ಲೆಕ್ಕಕ್ಕಿಲ್ಲ. ಹೇಳೋಕೆ ನಾಚಿಕೆ ಆಗುತ್ತದೆ.

ಖಾಲಿ ಗ್ಯಾಲರಿ ಮುಂದೆ ಆಡುವ ಹದಿನೈದರ ಹುಡುಗಿಗೆ ಈ ಆಟ ಮುಂದುವರಿಸಬೇಕು ಅನ್ನಿಸೋದು ಹೇಗೆ? ಆಡೋ ದಿನ ಮುಗಿದ ಮೇಲೆ ಕೆಲಸ ಸಿಗುತ್ತಾ ಅನ್ನೋ ಭಯ ಅವರ ಮನೆಯಲ್ಲಿ ಮೊದಲೇ ಇರುತ್ತದೆ.

ಅಕ್ಕನ ಮಗನಿಗೆ ಮುಂದಿನ ತಿಂಗಳು ಶಾಲೆ ತಂಡದ ಹಾಕಿ ಮ್ಯಾಚ್ ಇದೆ. ಕ್ರಿಕೆಟ್ ತಂಡದಲ್ಲೂ ಇದ್ದಾನೆ. ಎರಡಕ್ಕೂ ಬರ್ತೀನಿ ಅಂದೆ, ಹಾಕಿಗೆ ಮೊದಲು. ರಜೆ ಹಾಕಿಯಾಗಿದೆ.