ಹೊಳೆಯಲ್ಲಿ ಹುಣಸೆಹಣ್ಣು

ಬಟ್ಟೆಗೆ ಬಣ್ಣ ಹಾಕುವ ಘಟಕದ ಕೊಳೆನೀರು ಶುದ್ಧವಾಗಲು ಎರಡು ದಾರಿ. ಒಂದಕ್ಕೆ ರಸಾಯನಶಾಸ್ತ್ರ ಬೇಕು, ಇನ್ನೊಂದಕ್ಕೆ ಬೋರ್‌ವೆಲ್ ಸ್ವಿಚ್ಚು ಸಾಕು.

ಮೊದಲನೆಯದು ಫೆಂಟನ್ ಎಂಬ ಇಂಗ್ಲಿಷ್ ರಸಾಯನಜ್ಞನದು. ಹುಣಸೆಹಣ್ಣಿನ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲವನ್ನು ಹೈಡ್ರೋಜನ್ ಪೆರಾಕ್ಸೈಡ್, ಚೂರೇ ಚೂರು ಕಬ್ಬಿಣದ ಲವಣ ಸೇರಿದರೆ, ಬೇಗ ಉತ್ಕರ್ಷಿಸುತ್ತದೆ ಎಂದು ಆತ 1894ರಲ್ಲಿ ಬರೆದ. ಕಬ್ಬಿಣ ಪೆರಾಕ್ಸೈಡನ್ನು ಒಡೆದಾಗ ಹುಟ್ಟುವ ಅತಿ ಚುರುಕಿನ ತುಣುಕು, ಹೈಡ್ರಾಕ್ಸಿಲ್ ರ‍್ಯಾಡಿಕಲ್, ಸಿಕ್ಕ ಸಾವಯವ ಅಣುವನ್ನೆಲ್ಲ ಕಡಿಯುತ್ತದೆ.

ಆದರೆ ಖರ್ಚು ನೋಡಿ. 10,000 ಲೀಟರ್ ತೊಟ್ಟಿ, ಲೀಟರಿಗೆ 1000 ಮಿಲಿಗ್ರಾಂ ಸಿಓಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಸುಡಲು ಬೇಕಾಗುವ ಆಮ್ಲಜನಕದ ಅಳತೆ), ಅಂದರೆ ಒಟ್ಟು 10 ಕೆ.ಜಿ. ಅದನ್ನು ಪೂರ್ತಿ ಸುಡಲು ಕಾಗದದ ಲೆಕ್ಕದಲ್ಲೇ ಶೇ. 50ರ ಪೆರಾಕ್ಸೈಡ್ 42 ಕೆ.ಜಿ., ಜೊತೆಗೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಸುಮಾರು 10 ಕೆ.ಜಿ. ಮೊದಲು ಗಂಧಕಾಮ್ಲ ಹಾಕಿ ಪಿಎಚ್ 3ಕ್ಕೆ ಇಳಿಸಬೇಕು. 4 ದಾಟಿದರೆ ಕಬ್ಬಿಣ ಗಸಿಯಾಗಿ ತಳ ಹಿಡಿಯುತ್ತದೆ, ಪೆರಾಕ್ಸೈಡ್ ಬರೀ ಗುಳ್ಳೆಯಾಗಿ ಹಾರುತ್ತದೆ. ಅನ್ನಭೇದಿ ಕರಗಿದ ಮೇಲೆ ಪೆರಾಕ್ಸೈಡನ್ನು ಸಣ್ಣ ಧಾರೆಯಲ್ಲಿ ಬಿಡಬೇಕು. ಒಮ್ಮೆಗೇ ಸುರಿದರೆ ಹೆಚ್ಚಾದ ಪೆರಾಕ್ಸೈಡ್ ತಾನು ಹೆತ್ತ ರ‍್ಯಾಡಿಕಲ್ಲನ್ನೇ ನುಂಗುತ್ತದೆ. ಒಂದೆರಡು ಗಂಟೆ ಕಲಕಿ, ಸುಣ್ಣದಿಂದ ಪಿಎಚ್ 8ಕ್ಕೆ ಏರಿಸಿದಾಗ ಇಳಿಯುವ ಕೆಂಪು ಸ್ಲಡ್ಜ್ ಒಣಗಿದರೂ ಕಬ್ಬಿಣದ ಹೈಡ್ರಾಕ್ಸೈಡಿನ ಪಾಲೇ ಸುಮಾರು 4 ಕೆ.ಜಿ. ಇಷ್ಟೆಲ್ಲ ಯಾರಿಗೆ ಬೇಕು?

ಅದಕ್ಕೇ ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲಿಸುತ್ತಾರೆ. ಬಟ್ಟೆಗೆ ಹಾಕುವ ಅಜೋ ಜಾತಿಯ ಬಣ್ಣದ ಅಣುವಿನ ನಡುಕೊಂಡಿ ಕೆಲವೇ ನಿಮಿಷದಲ್ಲಿ ಮುರಿಯುತ್ತದೆ, ನೀರು ತಿಳಿಯಾಗುತ್ತದೆ. ಲೋಟದಲ್ಲಿ ಹಿಡಿದು ಫೋಟೋ ತೆಗೆಯುವ ಮುಹೂರ್ತ ಅದು. ಮುರಿದ ತುಂಡುಗಳು ಬಣ್ಣವಿಲ್ಲದೆ ಒಳಗೇ ಕೂತಿರುತ್ತವೆ, ಫೋಟೋದಲ್ಲಿ ಬರುವುದಿಲ್ಲ.

ಉಳಿದ ಪೆರಾಕ್ಸೈಡ್ ಇಳಿಯುವವರೆಗೂ ಕಾಯುವ ವ್ಯವಧಾನವಿಲ್ಲದೆ ಸ್ಯಾಂಪಲ್ ಕಳಿಸಿದರೆ ವರದಿಯೇ ತಮಾಷೆ. ಅದೇ ಪೆರಾಕ್ಸೈಡ್ ಸಿಓಡಿಯನ್ನು ಮೇಲೇರಿಸುತ್ತದೆ, ಬಿಓಡಿ (ಸೂಕ್ಷ್ಮಜೀವಿಗಳು ಕೊಳೆಯನ್ನು ಉಣ್ಣುವಾಗ ಬಳಸುವ ಆಮ್ಲಜನಕದ ಅಳತೆ) ಬಾಟಲಿಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಬಿಓಡಿ ಕನಿಷ್ಠ! ಉಣ್ಣುವವರನ್ನು ಮುಗಿಸಿ ಅಕ್ಕಿ ಉಳಿಯಿತೆಂದು ಲೆಕ್ಕ ಬರೆದ ಹಾಗೆ. ಏರಿದ ಸಿಓಡಿಯನ್ನು ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಬೋರ್‌ವೆಲ್‌ನಲ್ಲಿದೆ.

ಅದೇ ಎರಡನೆಯ ದಾರಿ. ಸಿಓಡಿ ಮಿತಿ ಲೀಟರಿಗೆ 250 ಮಿಲಿಗ್ರಾಂ. ಮಿಲಿಗ್ರಾಂ ಇಳಿಸಿ ಎಂಬುದು ನಿಯಮದ ಆಶಯ. ನಮ್ಮವರು ಲೀಟರ್ ಏರಿಸಿದರು. ಒಂದು ತೊಟ್ಟಿ ಕೊಳೆಗೆ ಮೂರು ತೊಟ್ಟಿ ಚೊಕ್ಕಟ ನೀರು: 1000 ಇದ್ದದ್ದು ಸರಿಯಾಗಿ 250. ಆಮ್ಲವಿಲ್ಲ, ಸ್ಲಡ್ಜ್ ಇಲ್ಲ. ಕೆರೆಗೆ ಹೋದ ಸಿಓಡಿ ಮಾತ್ರ ಅದೇ 10 ಕೆ.ಜಿ., ಬೀಳ್ಕೊಡಲು 30,000 ಲೀಟರ್ ಅಂತರ್ಜಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದನ್ನು ಹಿರಿಯರು ದಂಡದ ಕೆಲಸ ಎನ್ನುತ್ತಿದ್ದರು. ಈಗ ಅದರ ಹೆಸರು ಸಂಸ್ಕರಣೆ. ಫೆಂಟನ್‌ಗೆ ಹೊಳೆ ಹೊಳೆಯಲಿಲ್ಲ, ಪಾಪ, ಕಬ್ಬಿಣ ಹುಡುಕಿಕೊಂಡು ಹೋದ.

ಇನ್ನು ಲಾಗ್‌ಬುಕ್. ತಿಂಗಳಿಡೀ ಪಿಎಚ್ 3.0, ಒಂದೇ ಪೆನ್ನು, ಕರೆಂಟು ಹೋದ ದಿನವೂ 3.0. ಪಿಎಚ್ ಮೀಟರು ಬೀರುವಿನಲ್ಲಿ ಭದ್ರವಾಗಿದೆ. ಪ್ರೋಬಿನ ಟೊಪ್ಪಿಯನ್ನು ಇನ್ನೂ ಯಾರೂ ಬಿಚ್ಚಿಲ್ಲ.