ಹರಳೆಣ್ಣೆ ಕುಡಿದ ವಿಮಾನ

ಮಾದರಿ ವಿಮಾನದ ಪೆಟ್ಟಿಗೆಯೊಳಗಿದ್ದ ಕೈಪಿಡಿಯಲ್ಲಿ ಇಂಜಿನ್ ಮತ್ತು ಇಂಧನದ ಟ್ಯಾಂಕ್ ಕೂರಿಸುವ ಕೆಲಸ ಎರಡೇ ಪುಟಗಳಲ್ಲಿ, ಆರು ಚಿತ್ರಗಳ ನೆರವಿನಿಂದ ಮುಗಿದುಹೋಗಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಅದೇ ಕೆಲಸಕ್ಕೆ ಹತ್ತೊಂಬತ್ತು ದಿನಗಳು, ಊಟದ ಮೇಜಿನ ಒಂದು ಹೊದಿಕೆ, ಪಾತ್ರೆ ತಿಕ್ಕುವ ಎರಡು ಹೊಸ ಸ್ಪಂಜುಗಳು ಮತ್ತು ನನ್ನ ಕೈಗೆಲಸದ ಬಗ್ಗೆ ಮನೆಯವರಲ್ಲಿ ಅಳಿದುಳಿದಿದ್ದ ನಂಬಿಕೆ ಖರ್ಚಾದವು.

ರೇಡಿಯೊ ನಿಯಂತ್ರಣದಲ್ಲಿ ಹಾರುವ ಈ ವಿಮಾನದ ರೆಕ್ಕೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 1.6 ಮೀಟರ್ ಉದ್ದವಿದೆ. ಬಾಲ್ಸಾ ಮರ ಮತ್ತು ಪ್ಲೈವುಡ್‌ನ ಒಡಲು. ಹೊಸಬರು ಕಲಿಯಲೆಂದೇ ಮಾಡಿದ್ದು. ಅದಕ್ಕೆ ಹೇಳಿಮಾಡಿಸಿದ ಇಂಜಿನ್ ಏಳೂವರೆ ಸಿಸಿಯದು, ಅಂದರೆ ನಮ್ಮ ಕಾಲದ 50 ಸಿಸಿ ಮೊಪೆಡ್ಡಿನ ಆರನೇ ಒಂದು ಪಾಲೂ ಅಲ್ಲ. ಆದರೂ ಅದು ಮನಸ್ಸು ಮಾಡಿದರೆ ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತು ತಿರುಗುತ್ತದೆ. ಸ್ಪಾರ್ಕ್ ಪ್ಲಗ್ ಇಲ್ಲ. ಬದಲಿಗೆ ಗ್ಲೋ ಪ್ಲಗ್ ಎಂಬ ಪುಟ್ಟ ಸುರುಳಿಯಿದ್ದು, ಸ್ಟಾರ್ಟ್ ಮಾಡುವಾಗ ಮಾತ್ರ ಅದಕ್ಕೆ ಒಂದೂವರೆ ವೋಲ್ಟಿನ ಬ್ಯಾಟರಿ ಹಿಡಿದರೆ ಸಾಕು. ಆಮೇಲೆ ಸುರುಳಿಯಲ್ಲಿರುವ ಪ್ಲಾಟಿನಮ್ ಮತ್ತು ಇಂಧನದಲ್ಲಿರುವ ಮೆಥನಾಲ್ ತಮ್ಮತಮ್ಮಲ್ಲೇ ಮಾತಾಡಿಕೊಂಡು ಅದನ್ನು ಕೆಂಪಗೆ ಇಟ್ಟಿರುತ್ತವೆ. ಇಂಧನವೆಂದರೆ ನೂರಕ್ಕೆ ಎಂಬತ್ತು ಪಾಲು ಮೆಥನಾಲ್, ಇಪ್ಪತ್ತು ಪಾಲು ಹರಳೆಣ್ಣೆ. ಹೌದು, ಅದೇ ಹರಳೆಣ್ಣೆ. ಬೇಸಿಗೆ ರಜೆಯಲ್ಲಿ ಅಜ್ಜಿಯೊಬ್ಬಳು ಮೂಗು ಹಿಡಿದು ಕುಡಿಸಿದ ನೆನಪು ಯಾರಿಗೆ ಇದೆಯೋ ಅವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ.

ಇಂಜಿನ್ನಿನ ಕೆಲಸ ಮೊದಲು ಕೈಗೆತ್ತಿಕೊಂಡೆ. ವಿಮಾನದ ಮೂತಿಯಲ್ಲಿ ಫೈರ್‌ವಾಲ್ ಎಂಬ ದಪ್ಪ ಪ್ಲೈವುಡ್ಡಿನ ಅಡ್ಡಗೋಡೆಯಿದೆ. ಅದಕ್ಕೆ ನಾಲ್ಕು ತೂತು ಕೊರೆದು, ಹಿಂದಿನಿಂದ ಬ್ಲೈಂಡ್ ನಟ್ಟುಗಳನ್ನು ಕಚ್ಚಿಸಿ, ಮುಂದಿನಿಂದ ಬೋಲ್ಟ್ ಬಿಗಿಯಬೇಕು. ಮೂರು ನಟ್ಟುಗಳು ಮರ್ಯಾದೆಯಿಂದ ಕೂತವು. ನಾಲ್ಕನೆಯದು ನನ್ನ ಬೆರಳಿನಿಂದ ಜಾರಿ, ಕೈ ಹೋಗದ, ಕಣ್ಣು ಹೋಗದ ಮೂತಿಯ ಮೂಲೆಗೆ ಸೇರಿಕೊಂಡಿತು. ವಿಮಾನವನ್ನು ಮಗುಚಿದರೆ ಗಿಲಿಕೆಯಂತೆ ಸದ್ದು ಮಾಡುತ್ತಿತ್ತೇ ಹೊರತು ಹೊರಗೆ ಬರುತ್ತಿರಲಿಲ್ಲ. ಕೊನೆಗೆ ಹೆಂಡತಿಯ ಹಳೆಯ ಪರ್ಸಿನ ಆಯಸ್ಕಾಂತದ ಗುಂಡಿಯನ್ನು ಕಿತ್ತು ಊದುಬತ್ತಿಯ ಕಡ್ಡಿಗೆ ಅಂಟಿಸಿ, ಬಾವಿಗೆ ಬಿದ್ದ ಕೊಡ ಎತ್ತುವ ಹಾಗೆ ಪಾತಾಳಗರಡಿ ಆಡಿಸಿ ಅದನ್ನು ಮೇಲೆತ್ತಿದೆ. ಆ ಪರ್ಸ್ ಹಳೆಯದಲ್ಲವೆಂಬುದು ಮರುದಿನ ಗೊತ್ತಾಯಿತು.

ಇಂಜಿನ್ ಬಿಗಿದ ಮೇಲೆ ಸ್ವಲ್ಪ ದೂರ ನಿಂತು ನೋಡಿದರೆ ಅದು ನೇರವಾಗಿರಲಿಲ್ಲ. ಮೂಲೆಮಟ್ಟ ಇಟ್ಟು ನೋಡಿದೆ. ಫೈರ್‌ವಾಲೇ ಎರಡು ಡಿಗ್ರಿಯಷ್ಟು ಬಲಕ್ಕೂ, ಒಂದಿಷ್ಟು ಕೆಳಕ್ಕೂ ವಾಲಿತ್ತು. ಹಣ ಕೊಟ್ಟು ಕೊಂಡ ವಸ್ತುವಿನಲ್ಲಿ ತಯಾರಕರ ತಪ್ಪನ್ನು ಕಂಡುಹಿಡಿಯುವ ಸುಖ ದೊಡ್ಡದು. ಒಂದು ಪಕ್ಕಕ್ಕೆ ತೆಳುವಾದ ವಾಷರ್‌ಗಳನ್ನು ಕೊಟ್ಟು, ಇಂಜಿನ್ನನ್ನು ಕೂದಲೆಳೆಯಷ್ಟೂ ಓರೆಯಿಲ್ಲದಂತೆ ನೇರ ಮಾಡಿದೆ.

ಇನ್ನು ಟ್ಯಾಂಕ್. ಮದುವೆಮನೆಯಲ್ಲಿ ಹಾರ, ಪೇಟ, ಫೋಟೊ ಎಲ್ಲವೂ ಮದುಮಗನಿಗೆ. ಆದರೆ ಊಟದ ಪಂಕ್ತಿ ನಡೆಯುವುದೂ ನಿಲ್ಲುವುದೂ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರ ಕಣ್ಣಿಗೂ ಬೀಳದೆ ಕೂತಿರುವ ಸೋದರಮಾವನಿಂದ. ಮಾದರಿ ವಿಮಾನದಲ್ಲಿ ಇಂಜಿನ್ ಮದುಮಗ, ಟ್ಯಾಂಕ್ ಸೋದರಮಾವ. ನಾನು ಹತ್ತೊಂಬತ್ತು ದಿನವೂ ಮದುಮಗನನ್ನೇ ಬೈದೆ.

ಆ ಟ್ಯಾಂಕ್ ಎಂದರೆ 300 ಮಿಲಿಲೀಟರ್ ಹಿಡಿಯುವ ಪ್ಲಾಸ್ಟಿಕ್ ಬಾಟಲಿ. ಅದರ ಬಾಯಿಗೆ ರಬ್ಬರ್ ಬಿರಡೆ, ಬಿರಡೆಯಲ್ಲಿ ಮೂರು ಲೋಹದ ನಳಿಗೆಗಳು. ಒಂದು ನಳಿಗೆಯ ಒಳತುದಿಗೆ ಮೆತ್ತನೆಯ ಕೊಳವೆ, ಕೊಳವೆಯ ತುದಿಗೆ ತೂಕದ ಗುಂಡು. ವಿಮಾನ ಹೇಗೆ ಹೊರಳಿದರೂ ಗುಂಡು ಇಂಧನವಿರುವ ಕಡೆಗೇ ಹೊರಳಿ, ಅಲ್ಲಿಂದ ಹೀರಿ ಕಾರ್ಬ್ಯುರೇಟರಿಗೆ ಕಳಿಸುತ್ತದೆ. ಇನ್ನೊಂದು ನಳಿಗೆ ಒಳಗಡೆ ಮೇಲಕ್ಕೆ ಬಾಗಿ ಟ್ಯಾಂಕಿನ ನೆತ್ತಿಯ ಹತ್ತಿರ ನಿಲ್ಲುತ್ತದೆ. ಅದು ಹೊರಗೆ ಸೈಲೆನ್ಸರಿಗೆ ಸೇರುತ್ತದೆ, ಅಲ್ಲಿನ ಹೊಗೆಯ ಒತ್ತಡ ಟ್ಯಾಂಕಿನೊಳಗಿನ ಇಂಧನವನ್ನು ಮುಂದಕ್ಕೆ ತಳ್ಳುತ್ತದೆ. ಮೂರನೆಯದು ತುಂಬಿಸುವುದಕ್ಕೆ. ಇಷ್ಟನ್ನೂ ನಾನು ಈಗ ನಿದ್ದೆಯಲ್ಲೂ ಹೇಳಬಲ್ಲೆ. ಆಗ ನನಗೆ ಕಂಡದ್ದು, ಬಿರಡೆಯಿಂದ ಹೊರಗೆ ಇಣುಕುತ್ತಿದ್ದ, ತದ್ರೂಪಿ ಅಣ್ಣತಮ್ಮಂದಿರಂತಿದ್ದ ಮೂರು ತುದಿಗಳು ಮಾತ್ರ. ಅವುಗಳಿಗೆ ಒಂದೇ ಬಣ್ಣದ ಸಿಲಿಕೋನ್ ಕೊಳವೆಗಳನ್ನು ಸಿಕ್ಕಿಸಿ, ಟ್ಯಾಂಕನ್ನು ಮೂತಿಯೊಳಗೆ ತಳ್ಳಿ, ಗುರುತು ಹಾಕುವುದು ದಡ್ಡರ ಕೆಲಸವೆಂದು ಬಿಟ್ಟುಬಿಟ್ಟೆ.

ಊಟದ ಮೇಜಿನ ಮೇಲೆ ಮೊದಲ ಬಾರಿ ಇಂಧನ ತುಂಬಿಸಿದಾಗ ಟ್ಯಾಂಕ್ ತುಂಬಿದ್ದು ತಿಳಿಯದೆ ಪಂಪಿನ ಹಿಡಿ ತಿರುಗಿಸುತ್ತಲೇ ಇದ್ದೆ. ಹೆಚ್ಚಾದದ್ದು ಸೈಲೆನ್ಸರಿನ ದಾರಿಯಾಗಿ ಮೇಜಿನ ಹೊದಿಕೆಗೆ ಇಳಿಯಿತು. ನಡುಮನೆಯಲ್ಲಿ ಜಪ ಮಾಡುತ್ತಿದ್ದ ಅಮ್ಮ ಕಣ್ಣು ತೆರೆಯದೆಯೇ, "ಯಾರಿಗೋ ಹೊಟ್ಟೆ ಕೆಟ್ಟಿದ್ದು?" ಎಂದಳು. ವಿಮಾನಕ್ಕೆಂದು ನಾನು ಹೇಳಿದ್ದು ಅವಳಿಗೆ ಸಮಾಧಾನ ತಂದಂತೆ ಕಾಣಲಿಲ್ಲ. ಆದರೆ ಅಮ್ಮನ ಪ್ರಶ್ನೆಗೆ ಚರಿತ್ರೆಯ ಬೆಂಬಲವಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಸಾಪ್‌ವಿತ್ ಕ್ಯಾಮೆಲ್‌ನಂಥ ವಿಮಾನಗಳ ರೋಟರಿ ಇಂಜಿನ್ನುಗಳು ಹರಳೆಣ್ಣೆಯನ್ನೇ ಕುಡಿದು, ಸುಡದೆ ಉಳಿದದ್ದನ್ನು ಹಿಂದೆ ಕೂತ ಪೈಲಟ್ಟಿನ ಮುಖಕ್ಕೆ ಉಗುಳುತ್ತಿದ್ದವು. ಅದನ್ನು ಗಂಟೆಗಟ್ಟಲೆ ಉಸಿರಾಡಿದ ಆ ವೀರರು ನೆಲಕ್ಕಿಳಿದ ಕೂಡಲೇ ಶತ್ರುವಿಗಿಂತ ಮೊದಲು ಹುಡುಕುತ್ತಿದ್ದದ್ದು ಬೇರೊಂದು ಕೋಣೆಯನ್ನು ಎಂದು ಹೇಳುತ್ತಾರೆ.

ಆ ಭಾನುವಾರ ಊರ ಹೊರಗಿನ ಬಯಲಿನಲ್ಲಿ ಇಂಜಿನ್ ಎರಡನೇ ಏಟಿಗೇ ಹೊತ್ತಿಕೊಂಡು, ಐದು ಸೆಕೆಂಡು ಚೀರಿ, ನಿಂತಿತು. ಮತ್ತೆ ತುಂಬಿಸಿದೆ, ಮತ್ತೆ ಐದು ಸೆಕೆಂಡು. ಇಂಧನದ ಅಳತೆ ಹೆಚ್ಚುಕಡಿಮೆ ಮಾಡುವ ನೀಡಲ್ ವಾಲ್ವನ್ನು ಒಳಗೆ ತಿರುಗಿಸಿದೆ, ಹೊರಗೆ ತಿರುಗಿಸಿದೆ, ಪ್ಲಗ್ ಬದಲಿಸಿದೆ, ಮಾರಿದ ಅಂಗಡಿಯವರ ಮನೆತನವನ್ನು ಮನಸ್ಸಿನಲ್ಲೇ ವಿಚಾರಿಸಿಕೊಂಡೆ. ಇದನ್ನೆಲ್ಲ ಕೊಡೆ ಹಿಡಿದು ನೋಡುತ್ತಿದ್ದ ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರೊಬ್ಬರು, ನಲವತ್ತು ವರ್ಷಗಳಿಂದ ಇಂಥ ವಿಮಾನಗಳನ್ನು ಹಾರಿಸುತ್ತ, ಬೀಳಿಸುತ್ತ ಬಂದವರು, ಹತ್ತಿರ ಬಂದು ಟ್ಯಾಂಕಿನ ಕೊಳವೆಗಳನ್ನು ಕಳಚಿ ಒಂದೊಂದಕ್ಕೂ ರಬ್ಬರ್ ಬಲ್ಬಿನಿಂದ ಗಾಳಿ ಒತ್ತಿ ಕಿವಿಗೊಟ್ಟು ಕೇಳಿದರು. ಸೈಲೆನ್ಸರಿಗೆ ಸೇರಿಸಿದ್ದ ಕೊಳವೆ ಒಳಗೆ ಗುಳುಗುಳು ಎಂದಿತು. ಕಾರ್ಬ್ಯುರೇಟರಿನದು ಮೌನವಾಗಿತ್ತು.

"ಸ್ವಾಮಿ, ನಿಮ್ಮ ಇಂಜಿನ್ ಗಾಳಿ ಕುಡೀತಾ ಇದೆ, ಹೊಗೆ ಇಂಧನದೊಳಗೆ ಗುಳ್ಳೆ ಬಿಡ್ತಾ ಇದೆ" ಎಂದರು. ನೆತ್ತಿಯ ನಳಿಗೆ ಮುಳುಗಿರುವಷ್ಟು ಹೊತ್ತು, ಅಂದರೆ ಟ್ಯಾಂಕ್ ಕಂಠಮಟ್ಟ ತುಂಬಿರುವ ಐದು ಸೆಕೆಂಡು ಮಾತ್ರ, ಇಂಜಿನ್ನಿಗೆ ಆಹಾರ ಸಿಗುತ್ತಿತ್ತು. ಆಮೇಲೆ ಮೇಷ್ಟ್ರು ಮೂತಿಯ ಮೇಲೆ ಒಂದು ಕಣ್ಣು ಮುಚ್ಚಿ ನೋಡಿ, ಈ ವಾಷರ್‌ಗಳು ಯಾತಕ್ಕೆ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ವಿವರಿಸಿದೆ. ಪ್ರೊಪೆಲರಿನ ಎಳೆತ ಮತ್ತು ಅದು ಹಿಂದಕ್ಕೆ ಸುರುಳಿಯಾಗಿ ತಳ್ಳುವ ಗಾಳಿ ವಿಮಾನವನ್ನು ಎಡಕ್ಕೆ ತಿರುಗಿಸುವುದರಿಂದ, ಅದನ್ನು ಸರಿದೂಗಿಸಲೆಂದೇ ಫೈರ್‌ವಾಲನ್ನು ಬಲಕ್ಕೆ ಓರೆ ಇಟ್ಟಿರುತ್ತಾರೆಂದು ಅವರು ಬಹಳ ಮೃದುವಾಗಿ ಹೇಳಿದರು. ವಾಷರ್‌ಗಳು ಈಗ ಅಡುಗೆಮನೆಯ ನಲ್ಲಿಯಲ್ಲಿ ಉಪಯೋಗಕ್ಕೆ ಬಂದಿವೆ.

ಇಂಜಿನ್ನಿನ ನಡುಕಕ್ಕೆ ಟ್ಯಾಂಕಿನಲ್ಲಿ ನೊರೆ ಏಳದಿರಲೆಂದು ಅದರ ಸುತ್ತ ಮೆತ್ತೆ ಕೊಡಬೇಕೆಂದೂ ಮೇಷ್ಟ್ರು ಹೇಳಿದ್ದರು. ಮೆತ್ತೆ ಎಂದಾಗ ನನಗೆ ಹೊಳೆದದ್ದು ಸಿಂಕಿನ ಬಳಿಯ ಸ್ಪಂಜುಗಳು. ಎರಡನ್ನೂ ಟ್ಯಾಂಕಿನ ಕೆಳಗೇ ಒತ್ತಿದ್ದರಿಂದ ಸೋದರಮಾವ ಸಿಂಹಾಸನವೇರಿದಂತೆ ಎತ್ತರಕ್ಕೆ ಕೂತ. ಟ್ಯಾಂಕಿನ ನಡುಮಟ್ಟ ಕಾರ್ಬ್ಯುರೇಟರಿನ ಇಂಧನದ ಸೂಜಿಗಿಂತ ಒಂದು ಸೆಂಟಿಮೀಟರಿನಷ್ಟು ಕೆಳಗಿದ್ದರೆ ಚೆಂದ. ನನ್ನದು ಮೇಲಿತ್ತು. ರಾತ್ರಿಯೇ ತುಂಬಿಸಿಟ್ಟರೆ ಬೆಳಗ್ಗೆ ಸಮಯ ಉಳಿಯುತ್ತದೆಂಬ ನನ್ನ ದೂರದೃಷ್ಟಿಯಿಂದಾಗಿ, ಇಂಧನ ತನ್ನ ಪಾಡಿಗೆ ತಾನು ಇಳಿಜಾರಿನಲ್ಲಿ ಹರಿದು ಬೆಳಗಾಗುವಷ್ಟರಲ್ಲಿ ಇಂಜಿನ್ನಿನ ಹೊಟ್ಟೆ ತುಂಬಿಸಿತ್ತು. ಪ್ರೊಪೆಲರ್ ಬಂಡೆಗೆ ಸಿಕ್ಕಿದಂತೆ ಅಲುಗದು. ದ್ರವವನ್ನು ಯಾರೂ ಹಿಂಡಿ ಚಿಕ್ಕದು ಮಾಡಲಾರರು. ಬಲವಂತ ಮಾಡಿದ್ದರೆ ಒಳಗಿನ ರಾಡೇ ಬಾಗುತ್ತಿತ್ತು. ಪ್ಲಗ್ ಬಿಚ್ಚಿ ತಿರುಗಿಸಿದೆ. ಪಿಚಕಾರಿಯಂತೆ ಚಿಮ್ಮಿದ ಹರಳೆಣ್ಣೆ ಗೋಡೆಯ ಕ್ಯಾಲೆಂಡರಿನ ಏಕಾದಶಿಯಿಂದ ಹುಣ್ಣಿಮೆಯವರೆಗೆ ಅಭಿಷೇಕ ಮಾಡಿತು.

"ರೀ, ನಿಮ್ಮ ವಿಮಾನ ಇನ್ನು ಈ ಮನೆಯೊಳಗೆ ಊಟ ಮಾಡಕೂಡದು" ಎಂದಳು ಹೆಂಡತಿ. ಫೋನಿನಲ್ಲಿ ಮೇಷ್ಟ್ರು ಅವಳ ಪರವಾಗಿಯೇ ತೀರ್ಪು ಕೊಟ್ಟರು: ಮೆಥನಾಲ್ ವಿಷ, ಅದು ಹೊತ್ತಿಕೊಂಡರೆ ಹಗಲಿನಲ್ಲಿ ಉರಿಯೂ ಕಾಣಿಸುವುದಿಲ್ಲ, ಅದನ್ನು ಊಟದ ಮೇಜಿನ ಮೇಲೆ ಇಡುವವರಿಗೆ ವಿಮಾನ ಯಾಕೆ, ಗಾಳಿಪಟವೇ ಸಾಕು.

ಮುಂದಿನ ಭಾನುವಾರದ ಹೊತ್ತಿಗೆ ಎಲ್ಲವೂ ಸರಿಯಾಗಿತ್ತು. ಟ್ಯಾಂಕ್ ತಗ್ಗಿಗೆ ಇಳಿದಿತ್ತು, ಕೊಳವೆಗಳಿಗೆ ಬಣ್ಣದ ದಾರದ ಗುರುತು ಬಿದ್ದಿತ್ತು, ಅವು ಜೋತಾಡದಿರಲೆಂದು ಅಂದವಾಗಿ, ಗಿಡ್ಡವಾಗಿ ಕತ್ತರಿಸಿದ್ದೆ. ಮೇಷ್ಟ್ರು ಮೂತಿಯನ್ನು ಬೆರಳಿನಿಂದ ತಟ್ಟಿ ತಲೆಯಾಡಿಸಿದರು. ಇಂಜಿನ್ ಒಂದೇ ಏಟಿಗೆ ಹೊತ್ತಿಕೊಂಡಿತು. ಐದು ಸೆಕೆಂಡಾಯಿತು; ಹತ್ತಾಯಿತು; ಒಂದು ನಿಮಿಷವಾಯಿತು. ನಾನು ಬಾಲವನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು ಮಂಡಿಯೂರಿ ಕೂತಿದ್ದೆ. ಕಣ್ಣಲ್ಲಿ ನೀರು ಬಂದದ್ದು ಹೊಗೆಯಿಂದ ಮಾತ್ರವಲ್ಲ.

"ಇನ್ನು ನಿಲ್ಲಿಸಿ, ನೋಡೋಣ" ಎಂದರು ಮೇಷ್ಟ್ರು. ನನ್ನ ಮಗ ಟ್ರಾನ್ಸ್‌ಮಿಟರಿನ ಥ್ರಾಟಲ್ ಕಡ್ಡಿಯನ್ನು ಕೆಳಗೆಳೆದ. ವಿಮಾನದೊಳಗೆ ಸರ್ವೊ, ಅಂದರೆ ರೇಡಿಯೊ ಹೇಳಿದಂತೆ ತಂತಿ ಎಳೆಯುವ ಪುಟ್ಟ ಮೋಟಾರು, ಕರ್ ಎಂದಿತು, ಇಂಜಿನ್ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಟ್ಯಾಂಕಿನ ಧ್ಯಾನದಲ್ಲಿ ನಾನು ಸರ್ವೊದಿಂದ ಕಾರ್ಬ್ಯುರೇಟರಿಗೆ ಹೋಗುವ ತಂತಿಯನ್ನು ಸಿಕ್ಕಿಸುವುದನ್ನೇ ಮರೆತಿದ್ದೆ. ಇಂಥ ಹೊತ್ತಿನಲ್ಲಿ ಇಂಧನದ ಕೊಳವೆಯನ್ನು ಹಿಂದಿನಿಂದ ಚಿವುಟಿ ಹಿಡಿದರೆ ಇಂಜಿನ್ ನಿಲ್ಲುತ್ತದೆ. ಮೇಷ್ಟ್ರು ಬೆರಳು ಚಾಚಿದರು. ಅಂದವಾಗಿ, ಗಿಡ್ಡವಾಗಿ ಕತ್ತರಿಸಿದ ಕೊಳವೆಯಲ್ಲಿ ಚಿವುಟುವುದಕ್ಕೆ ಏನೂ ಉಳಿದಿರಲಿಲ್ಲ.

"ಹೋಗಲಿ ಬಿಡಿ, ಹೊಸ ಇಂಜಿನ್ನು, ಮೊದಲ ಟ್ಯಾಂಕು ಹೇಗಿದ್ದರೂ ನೆಲದ ಮೇಲೇ ಓಡಬೇಕು. ಕೈ ಮಾತ್ರ ಬಿಡಬೇಡಿ" ಎಂದು ಮೇಷ್ಟ್ರು ಕೊಡೆ ಬಿಚ್ಚಿಕೊಂಡು ನನ್ನ ಪಕ್ಕದಲ್ಲೇ ಕೂತರು. 300 ಮಿಲಿಲೀಟರ್ ಮುಗಿಯಲು ಹದಿನಾಲ್ಕು ನಿಮಿಷ ಹಿಡಿಯಿತು. ಕೊನೆಯ ಹನಿಯವರೆಗೂ ಸೋದರಮಾವ ಒಂದು ಕ್ಷಣವೂ ಬಡಿಸುವುದನ್ನು ನಿಲ್ಲಿಸಲಿಲ್ಲ. ಸೈಲೆನ್ಸರ್ ಉಗುಳಿದ್ದೆಲ್ಲವೂ ನನ್ನ ತೋಳು, ಅಂಗಿ ಮತ್ತು ಕನ್ನಡಕದ ಮೇಲಿತ್ತು.

ಮನೆಗೆ ಬಂದಾಗ ಬಾಗಿಲು ತೆಗೆದ ಅಮ್ಮ ನನ್ನ ಅಂಗಿಯನ್ನು ಒಮ್ಮೆ ಮೂಸಿ, ಏನೂ ಕೇಳದೆ ಒಳಗೆ ಹೋದಳು. ಆ ರಾತ್ರಿ ಎಲ್ಲರ ತಟ್ಟೆಗೂ ಬಿಸಿಬೇಳೆ ಬಾತ್ ಬಿತ್ತು. ನನ್ನೊಬ್ಬನಿಗೆ ಮಾತ್ರ ಮೆತ್ತಗೆ ಬೆಂದ ಅನ್ನ, ತಿಳಿಸಾರು.