'ಗಾಡಿ ಹಳೇದು, ಗಟ್ಟಿ ಆಯಿಲ್ ಹಾಕಿ' ಅನ್ನುವವರಿಗೆ

ಮಧ್ಯಾಹ್ನದಿಂದ ತಲೆ ಬಿಸಿಯಾಗಿದೆ. ಅಂಗಡಿ ಬಾಗಿಲು ಹಾಕಿ ಬಂದು, ಕೈ ತೊಳೆದು, ಊಟಕ್ಕೂ ಕೂರದೆ ಇದನ್ನು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಬ್ಬ ಹುಡುಗ ಬಂದ. ಕೈಯಲ್ಲಿ ಅಕ್ಕಿ ಚೀಲ. ಅದರೊಳಗೆ ಸ್ಪ್ಲೆಂಡರ್ ಬೈಕಿನ ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಪೇಪರಿನಲ್ಲಿ ಸುತ್ತಿದ ಹಳೇ ಪಿಸ್ಟನ್. "ಅಣ್ಣಾ, ಬೋರ್ ಮಾಡ್ಬೇಕಂತೆ, ಮೆಕ್ಯಾನಿಕ್ ಕಳ್ಸಿದ್ರು" ಅಂದ. ಅಪ್ಪ 2008ರಲ್ಲಿ ತಗೊಂಡ ಗಾಡಿಯಂತೆ. ಹದಿನೈದು ವರ್ಷ ಆದ ಮೇಲೆ ಆರ್‌ಟಿಓಗೆ ಹೋಗಿ ಮತ್ತೆ ಐದು ವರ್ಷಕ್ಕೆ ರಿಜಿಸ್ಟ್ರೇಷನ್ ಮಾಡಿಸಿದ್ದಾರೆ. ದಿನಾ ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಓಡುವ ಗಾಡಿ.

ಬ್ಲಾಕ್ ಒರೆಸಿ ಬೆಳಕಿಗೆ ಹಿಡಿದೆ. ಸವೆದ ಸಿಲಿಂಡರ್ ಒಳಗೆ ಕೊರೆದು ಸರಿ ಮಾಡುವುದು ನನ್ನ ಕೆಲಸ, 24 ವರ್ಷದಿಂದ ಬೋರಿಂಗ್ ಮೆಷಿನ್ ಮುಂದೆಯೇ ನಿಂತಿದ್ದೇನೆ. ಗೇಜ್ ಹಾಕುವ ಮೊದಲು ಉಗುರು ಹಾಕಿ ನೋಡುವುದು ನನ್ನ ಅಭ್ಯಾಸ. ಬೋರಿನ, ಅಂದರೆ ಸಿಲಿಂಡರ್ ತೂತಿನ, ಒಳಗೋಡೆ ಮೇಲೆ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದರೆ, ತುದಿಯಲ್ಲಿ ಒಂದು ಮೆಟ್ಟಿಲು ಸಿಗುತ್ತದೆ. ಪಿಸ್ಟನ್ನಿಗೆ ತೊಡಿಸಿದ ಬಳೆಗಳಲ್ಲಿ ಮೇಲಿನದು, ಮೇಲಿನ ರಿಂಗು, ಬಂದು ನಿಲ್ಲುವ ಜಾಗ ಅದು. ಈ ಬ್ಲಾಕಿನಲ್ಲಿ ಉಗುರು ಟಕ್ ಅಂತ ನಿಂತೇ ಹೋಯಿತು. ಗೇಜ್ ಹಾಕಿದೆ. 50 ಮಿ.ಮೀ. ಇರಬೇಕಾದ ಬೋರು ಮೇಲ್ಭಾಗದಲ್ಲಿ 50.21. ಕೆಳಗೆ ಹೆಚ್ಚುಕಡಿಮೆ ಹೊಸದರ ಹಾಗೇ ಇದೆ. ಗೋಡೆಯ ಮೇಲೆ ಉದ್ದಕ್ಕೂ ಸಣ್ಣ ಸಣ್ಣ ಗೀರು, ಮರಳು ಕಾಗದದಲ್ಲಿ ಉಜ್ಜಿದ ಹಾಗೆ.

"ಯಾವ ಆಯಿಲ್ ಹಾಕ್ತಾ ಇದ್ರಿ?" ಅಂತ ಕೇಳಿದೆ. ಅವನು ಹೇಳಿದ ಕಥೆ ಕೇಳಿ ನನಗೆ ಸಿಟ್ಟು ತಡೆಯಲಾಗಲಿಲ್ಲ.

ಒಂದು ವರ್ಷದ ಹಿಂದೆ ಸ್ವಲ್ಪ ಹೊಗೆ ಬರಲು ಶುರುವಾಯಿತಂತೆ. ಮೆಕ್ಯಾನಿಕ್, "ಗಾಡಿ ಹಳೇದಾಯ್ತು, ಗಟ್ಟಿ ಆಯಿಲ್ ಹಾಕಿ" ಅಂದು ಕಾರಿಗೆ ಹಾಕುವ 20ಡಬ್ಲ್ಯೂ50 ಸುರಿದನಂತೆ. ಹೊಗೆ ಕಡಿಮೆ ಆಯಿತು. ಮೂರು ತಿಂಗಳಿಗೆ ಮತ್ತೆ ಬಂತು. ಆಗ ಐನೂರು ರೂಪಾಯಿಯ ಒಂದು ಬಾಟಲಿ. ಅದನ್ನು ಹಾಕಿದರೆ ಎಂಜಿನ್ ಒಳಗೆ ಕೋಟಿಂಗ್ ಆಗಿ ಸವೆದದ್ದೆಲ್ಲ ತುಂಬಿಕೊಳ್ಳುತ್ತದೆ ಅಂತ ಹೇಳಿದನಂತೆ. ತಿಂಗಳೊಳಗೆ ಕ್ಲಚ್ ಜಾರತೊಡಗಿತು. ಏರು ಹತ್ತುವಾಗ ಎಂಜಿನ್ ಕೂಗುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಕ್ಲಚ್ ಪ್ಲೇಟ್ ಬದಲಾಯಿಸಿದರು. ಅದಕ್ಕೊಂದು ಬಿಲ್ಲು. ಈಗ ಬೋರು.

ನಾನು ಕೊನೆಯಲ್ಲಿ ಕೇಳಿದೆ, "ಏರ್ ಫಿಲ್ಟರ್ ಹೇಗಿದೆ?" "ಅದನ್ನ ಎರಡು ವರ್ಷದ ಹಿಂದೇನೇ ತೆಗ್ಸಿದ್ವಿ ಅಣ್ಣಾ, ಪಿಕಪ್ ಚೆನ್ನಾಗಿ ಬರುತ್ತೆ ಅಂದ್ರು."

ಅಷ್ಟೇ. ಆ ಗೀರುಗಳ ಉತ್ತರ ಅಲ್ಲೇ ಇತ್ತು. ಅವರ ಊರಿನ ರಸ್ತೆ ನನಗೆ ಗೊತ್ತು, ಬೇಸಿಗೆಯಲ್ಲಿ ಒಂದು ಟಿಪ್ಪರ್ ಹೋದರೆ ಐದು ನಿಮಿಷ ಕೆಂಪು ಧೂಳು ಇಳಿಯುವುದಿಲ್ಲ. ಆ ಧೂಳು ಎರಡು ವರ್ಷ ನೇರ ಸಿಲಿಂಡರಿಗೆ ಹೋಗಿದೆ. ಎಂಜಿನ್ ಸವೆಸಿದ್ದು ಮಣ್ಣು. ಮಣ್ಣಿಗೆ ಗಟ್ಟಿ ಆಯಿಲ್ ಏನು ಮಾಡುತ್ತದೆ ಹೇಳಿ?

ಗಾಡಿ ಹಳೇದು, ಗಟ್ಟಿ ಆಯಿಲ್ ಹಾಕಿ. ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ಹೇಳುವವರಿಗೂ ಯಾಕೆ ಅಂತ ಗೊತ್ತಿರುವುದಿಲ್ಲ, ಕೇಳುವವರೂ ಕೇಳುವುದಿಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಡಬ್ಬದ ಮೇಲೆ 10ಡಬ್ಲ್ಯೂ30 ಅಂತಲೋ 20ಡಬ್ಲ್ಯೂ50 ಅಂತಲೋ ಇರುತ್ತದೆ. ಡಬ್ಲ್ಯೂ ಅಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ ಅಂಕಿ ಸೊನ್ನೆಗಿಂತ ಕೆಳಗಿನ ಚಳಿಯ ಲೆಕ್ಕ, ನಮ್ಮ ಕಡೆ ಅಂಥ ಚಳಿ ಬೀಳುವುದಿಲ್ಲ. ಮುಂದಿನ ಅಂಕಿ 100 ಡಿಗ್ರಿ ಬಿಸಿಯಲ್ಲಿ ಎಣ್ಣೆ ಎಷ್ಟು ಮಂದವಾಗಿ ಉಳಿಯುತ್ತದೆ ಅನ್ನುವುದು. ಸೆಂಟಿಸ್ಟೋಕ್ ಅನ್ನುವ ಅಳತೆಯಲ್ಲಿ 30 ಗ್ರೇಡ್ ಅಂದರೆ 9.3ರಿಂದ 12.5ರವರೆಗೆ, 50 ಗ್ರೇಡ್ ಅಂದರೆ 16.3ರಿಂದ 21.9ರವರೆಗೆ. ಬಿಸಿಯಾದಾಗಲೇ ಇಷ್ಟು ವ್ಯತ್ಯಾಸ. 40 ಡಿಗ್ರಿಯಲ್ಲಿ ನೋಡಿದರೆ ಸಾಮಾನ್ಯ 10ಡಬ್ಲ್ಯೂ30 ಎಣ್ಣೆ 70ರ ಆಸುಪಾಸು, 20ಡಬ್ಲ್ಯೂ50 ಎಣ್ಣೆ 160, 170. ಎರಡು ಪಟ್ಟಿಗೂ ಜಾಸ್ತಿ. ಬೆಳಿಗ್ಗೆ ಐದೂವರೆಗೆ ಹಾಲಿಗೆ ಹೊರಡುವಾಗ ಗಾಡಿ ಇನ್ನೂ ತಣ್ಣಗಿರುತ್ತದೆ, ಆಗ ಅಂತರ ಇನ್ನೂ ದೊಡ್ಡದು. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಿಸೆಂಬರ್ ಬೆಳಿಗ್ಗೆ ಡಬ್ಬಿಯಿಂದ ಜೋನಿ ಬೆಲ್ಲ ಬಗ್ಗಿಸಿ ನೋಡಿ, ಆಮೇಲೆ ಅದೇ ಡಬ್ಬಿಯನ್ನು ಒಲೆ ಪಕ್ಕ ಇಟ್ಟು ಬಗ್ಗಿಸಿ ನೋಡಿ.

ಆ ಮಂದ ಎಣ್ಣೆ ಕೆಳಗಿನಿಂದ ಹೊರಟು, ಸಣ್ಣ ತೂತುಗಳಲ್ಲಿ ಹತ್ತಿ, ಎಂಜಿನ್ ತಲೆಭಾಗದಲ್ಲಿ, ಹೆಡ್ಡಿನಲ್ಲಿ, ವಾಲ್ವ್ ತೆರೆಯುವ ಕ್ಯಾಮ್ ಮತ್ತು ರಾಕರ್ ತಲುಪಬೇಕು. ತಲುಪುವ ತನಕ ಅಲ್ಲಿ ಹಿಂದಿನ ದಿನ ಅಂಟಿಕೊಂಡು ಉಳಿದ ಎಣ್ಣೆಯೇ ಗತಿ. ಗಾಡಿ ಹಳೇದಾಯ್ತು ಅಂತ ಎಣ್ಣೆ ಹೋಗುವ ತೂತು ದೊಡ್ಡದಾಗುವುದಿಲ್ಲ ಸ್ವಾಮಿ! ಅದು ಮೊದಲ ದಿನ ಎಷ್ಟಿತ್ತೋ ಅಷ್ಟೇ ಇರುತ್ತದೆ. ಇನ್ನು ಕೆಸರು ಕಟ್ಟಿ ಸಣ್ಣದೇ ಆಗಿರುತ್ತದೆ.

ಸವೆತ ಎಲ್ಲಿ ಆಗುತ್ತದೆ ಅನ್ನುವುದನ್ನೂ ನೋಡಬೇಕು. ಪಿಸ್ಟನ್ ಓಡುತ್ತಿರುವಾಗ ರಿಂಗು ಮತ್ತು ಗೋಡೆ ನಡುವೆ ಎಣ್ಣೆಯ ಪದರ ನಿಲ್ಲುತ್ತದೆ, ಆ ಓಟವೇ ಪದರವನ್ನು ಎಳೆದು ಹಿಡಿದಿರುತ್ತದೆ. ತುದಿಗೆ ಬಂದು ತಿರುಗುವ ಗಳಿಗೆಯಲ್ಲಿ ಪಿಸ್ಟನ್ ನಿಲ್ಲುತ್ತದೆ, ಪದರ ತೆಳುವಾಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಮುಟ್ಟುತ್ತದೆ. ಅದಕ್ಕೇ ಮೆಟ್ಟಿಲು ಬೀಳುವುದು ಅಲ್ಲಿ. ಆ ಜಾಗದಲ್ಲಿ ಕಾಪಾಡುವುದು ಹೆಚ್ಚಾಗಿ ಎಣ್ಣೆಯೊಳಗಿನ ಮದ್ದು. ಜೆಡ್‌ಡಿಡಿಪಿ ಅಂತ ಕರೆಯುತ್ತಾರೆ, ಸತು ಮತ್ತು ರಂಜಕ ಸೇರಿದ್ದು. ಬಿಸಿಗೆ, ಒತ್ತಡಕ್ಕೆ ಅದು ಲೋಹದ ಮೇಲೆ ಒಂದು ತೆಳು ಪೊರೆ ಕಟ್ಟುತ್ತದೆ. ಪೊರೆ ಸವೆಯುತ್ತದೆ, ಲೋಹ ಉಳಿಯುತ್ತದೆ. ಇದು ಒಳ್ಳೆಯ ಆಯಿಲ್‌ನಲ್ಲಿ ಮೊದಲೇ ಇರುತ್ತದೆ. ಕೊಳೆಯನ್ನು ತೇಲಿಸಿ ಹಿಡಿಯುವ ಮದ್ದು, ಆಮ್ಲ ಕೊಲ್ಲುವ ಮದ್ದು, ನೊರೆ ತಡೆಯುವ ಮದ್ದು, ಎಲ್ಲವೂ ಅಳತೆ ನೋಡಿಯೇ ಹಾಕಿರುತ್ತಾರೆ. ಅದರ ಮೇಲೆ ನಾವು ಇನ್ನೊಂದು ಬಾಟಲಿ ಸುರಿಯುವುದು ಅಂದರೆ, ಉಪ್ಪು ಹುಳಿ ಸರಿಯಾಗಿರುವ ಸಾರಿಗೆ ದಾರಿಯಲ್ಲಿ ಹೋಗುವವರು ಬಂದು ಒಂದು ಹಿಡಿ ಏನೋ ಹಾಕಿದ ಹಾಗೆ.

ಒಂದು ಮಾತು ಒಪ್ಪುತ್ತೇನೆ. ಕಾರುಗಳಲ್ಲಿ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ರಂಜಕ ಆಗುವುದಿಲ್ಲ ಅಂತ, ಎಪಿಐ ಅನ್ನುವ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ 2004ರ ಎಸ್‌ಎಂ ದರ್ಜೆಯಿಂದ 5ಡಬ್ಲ್ಯೂ30, 10ಡಬ್ಲ್ಯೂ30ರಂಥ ತೆಳು ಎಣ್ಣೆಗಳಲ್ಲಿ ಅದನ್ನು 0.08 ಶೇಕಡಕ್ಕೆ ಮಿತಿ ಮಾಡಿದರು. ತುಂಬಾ ಹಳೇ ಕಾರು ಇಟ್ಟುಕೊಂಡವರು ಇದನ್ನು ಯೋಚಿಸುವುದು ನ್ಯಾಯವೇ. ಆದರೆ ಬೈಕಿನವರಿಗೆ ಆ ಚಿಂತೆ ಬೇಡ. ಬೈಕ್ ಆಯಿಲ್‌ಗೆ ಬೇರೆಯೇ ಜಪಾನಿ ಗುರುತು ಇದೆ, ಜಾಸೋ ಎಂಎ ಅಂತ ಡಬ್ಬದ ಹಿಂದೆ ಬರೆದಿರುತ್ತದೆ. ಸ್ಪ್ಲೆಂಡರ್‌ಗೆ ಕಂಪನಿ ಹೇಳುವುದೇ 10ಡಬ್ಲ್ಯೂ30, ಜಾಸೋ ಎಂಎ. ಯಾಕೆಂದರೆ ಆ ಗಾಡಿಯಲ್ಲಿ ಎಂಜಿನ್, ಗೇರು, ಕ್ಲಚ್ಚು ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿವೆ. ಕ್ಲಚ್ ಪ್ಲೇಟ್ ಹಿಡಿಯಬೇಕು, ಜಾರಬಾರದು. ಜಾರಿಕೆ ಹೆಚ್ಚಿಸುವ ಬಾಟಲಿ ಸುರಿದರೆ ಕ್ಲಚ್ ಜಾರದೆ ಇನ್ನೇನು ಮಾಡುತ್ತದೆ? ಆ ಹುಡುಗ ಕ್ಲಚ್ ಪ್ಲೇಟಿಗೆ ಕೊಟ್ಟ ದುಡ್ಡು ನೆನೆಸಿದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಾಟಲಿಯ ವಿಷಯಕ್ಕೆ ಬಂದೆ, ಪೂರ್ತಿ ಹೇಳಿಬಿಡುತ್ತೇನೆ. ಒಂದು ಎಕ್ಸಿಬಿಷನ್‌ನಲ್ಲಿ ನೋಡಿದ್ದೆ. ತಿರುಗುವ ಚಕ್ರಕ್ಕೆ ಬೇರಿಂಗ್ ಒತ್ತಿ, ಸಾದಾ ಎಣ್ಣೆಯಲ್ಲಿ ಕಿರ್ ಅಂತ ನಿಲ್ಲಿಸುತ್ತಾರೆ, ಆಮೇಲೆ ಬಾಟಲಿಯ ಎರಡು ಹನಿ ಹಾಕಿ ಎಷ್ಟು ಒತ್ತಿದರೂ ನಿಲ್ಲದ ಹಾಗೆ ತೋರಿಸುತ್ತಾರೆ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಕ್ಲೋರಿನ್ ಇರುವ ಮದ್ದು ಆ ಆಟದಲ್ಲಿ ಸುಲಭವಾಗಿ ಗೆಲ್ಲುತ್ತದೆ. ಆದರೆ ಎಂಜಿನ್ ಒಳಗಿನ ಕೆಲಸ ಆ ಆಟದ ಹಾಗೆ ಇರುವುದಿಲ್ಲ, ಮೇಲಾಗಿ ಆ ಕ್ಲೋರಿನ್ ಬಿಸಿಗೆ ಆಮ್ಲವಾಗಿ ಲೋಹವನ್ನೇ ತಿನ್ನಬಹುದು. ಅಮೆರಿಕದಲ್ಲಿ ಸ್ಲಿಕ್ 50 ಅಂತ ಟೆಫ್ಲಾನ್ ಪುಡಿ ಬೆರೆಸಿದ ಬಾಟಲಿ ಭಾರೀ ಓಡುತ್ತಿತ್ತು. ಸವೆತ ಕಡಿಮೆ ಮಾಡುತ್ತದೆ ಅಂತ ಹೇಳಿಕೊಳ್ಳಲು ಆಧಾರ ಎಲ್ಲಿದೆ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಕೇಸು ಹಾಕಿತು, 1997ರಲ್ಲಿ ಅವರು ರಾಜಿಗೆ ಬಂದರು. ಸುಮಾರು ಮೂವತ್ತು ವರ್ಷ ಆಯಿತು. ನಮ್ಮಲ್ಲಿ ಇನ್ನೂ ಕೋಟಿಂಗ್ ಕಥೆ ನಡೆಯುತ್ತಲೇ ಇದೆ. ಸ್ಪ್ಲೆಂಡರ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ, ಮತ್ತೆ ಕ್ರ್ಯಾಂಕ್ (ಪಿಸ್ಟನ್ ತಳ್ಳಿ ತಿರುಗಿಸುವ ದಂಡ) ತುದಿಯಲ್ಲಿ ತಿರುಗುವ ಒಂದು ಬಟ್ಟಲು. ಅಂಥ ಪುಡಿಯೂ ಸೇರಿ ಎಣ್ಣೆಗಿಂತ ಭಾರದ್ದೆಲ್ಲ ಆ ಬಟ್ಟಲಿನ ಗೋಡೆಗೆ ಹೋಗಿ ಅಂಟುತ್ತದೆ. ಅದನ್ನು ಬಿಚ್ಚಿ ತೊಳೆಯುವವರು ಊರಿಗೆ ಒಬ್ಬರೋ ಇಬ್ಬರೋ.

"ನಮ್ಮ ಗಾಡಿಗೆ ಗಟ್ಟಿ ಆಯಿಲ್ ಹಾಕಿ ಶಬ್ದ ಕಡಿಮೆ ಆಯ್ತಲ್ಲ" ಅಂತ ಕೆಳಗೆ ಬರೆಯುವವರು ಇದ್ದೀರಿ ಅಂತ ಗೊತ್ತು. ಹೌದು, ಆಗುತ್ತದೆ. ಹೊಗೆಯೂ ಸ್ವಲ್ಪ ದಿನ ಕಡಿಮೆ ಆಗುತ್ತದೆ. ಹಳೇ ಬುಲೆಟ್ಟಿಗೆ ಕಂಪನಿಯೇ 20ಡಬ್ಲ್ಯೂ50 ಹೇಳಿದ್ದು, ಅದರ ಎಂಜಿನ್ ಹುಟ್ಟಿದ್ದೇ ಹಾಗೆ, ಅದಕ್ಕೆ ಅದೇ ಹಾಕಬೇಕು. 30 ಇದ್ದ ಕಡೆ ಗಾಡಿಯ ಪುಸ್ತಕ ಒಪ್ಪಿದರೆ 40ಕ್ಕೆ ಹೋಗಿ, ನನ್ನ ತಕರಾರಿಲ್ಲ. ಆದರೆ ಕಾಯಿಲೆ ಏನು ಅಂತ ನೋಡದೆ ಗಟ್ಟಿ ಎಣ್ಣೆ ಸುರಿದರೆ ಕಾಯಿಲೆ ಬಾಯಿ ಮುಚ್ಚಿಕೊಳ್ಳುತ್ತದೆ ಅಷ್ಟೇ, ಒಳಗೆ ಬೆಳೆಯುತ್ತಲೇ ಇರುತ್ತದೆ.

ಇದು ನನಗೆ ಹೇಗೆ ಗೊತ್ತು ಅಂದರೆ, ನಾನೇ ಮಾಡಿದ್ದೇನೆ. ಮನೆಯಲ್ಲಿ ಇದನ್ನು ಇವತ್ತಿನವರೆಗೂ ಪೂರ್ತಿ ಹೇಳಿಲ್ಲ.

ಹತ್ತು ಹನ್ನೊಂದು ವರ್ಷ ಆಯಿತು. ಭಾವನ ಓಮ್ನಿ. ಸಿಗ್ನಲ್‌ನಲ್ಲಿ ನಿಂತಾಗ ಆಯಿಲ್ ಲೈಟ್ ಮಿಣುಕುತ್ತದೆ ಅಂತ ಫೋನ್ ಮಾಡಿದ್ದರು. ಅವತ್ತು ಅಂಗಡಿಯಲ್ಲಿ ಕೆಲಸ ಜಾಸ್ತಿ ಇತ್ತು. "ಭಾವ, ಗಾಡಿ ಹಳೇದಾಯ್ತು, ಗಟ್ಟಿ ಆಯಿಲ್ ಹಾಕ್ಸಿ" ಅಂದುಬಿಟ್ಟೆ. ಹೌದು, ಇದೇ ಮಾತು. ಹಾಕಿಸಿದರು, ಲೈಟ್ ಹೋಯಿತು, ನನಗೆ ಫೋನ್ ಮಾಡಿ ಹೊಗಳಿದರು. ಮೂರು ತಿಂಗಳಿಗೆ ತೀರ್ಥಹಳ್ಳಿಯಿಂದ ಬರುವಾಗ ಮಂಡಗದ್ದೆ ಹತ್ತಿರ ಎಂಜಿನ್ ಟಕಟಕ ಬಡಿದು ನಿಂತಿತು. ಅಕ್ಕ, ಇಬ್ಬರು ಮಕ್ಕಳು ಗಾಡಿಯಲ್ಲಿದ್ದರು. ರಾತ್ರಿ ಎಂಟು ಗಂಟೆ, ಮಳೆ.

ಎಂಜಿನ್ ಬಿಚ್ಚಿದಾಗ ಚೇಂಬರ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಒಳಗಿನ ಜಾಲರಿ ಮುಕ್ಕಾಲು ಭಾಗ ಮುಚ್ಚಿತ್ತು. ಕಪ್ಪು, ಹಳೇ ಗ್ರೀಸಿನ ಹಾಗೆ ಗಟ್ಟಿಯಾದ ಕೆಸರು. ತೆಳು ಎಣ್ಣೆಯನ್ನೇ ಕಷ್ಟಪಟ್ಟು ಎಳೆಯುತ್ತಿದ್ದ ಪಂಪಿಗೆ ನಾನು ಇನ್ನೂ ಮಂದ ಎಣ್ಣೆ ಕೊಟ್ಟಿದ್ದೆ. ಪಿಸ್ಟನ್ ರಾಡು ಕ್ರ್ಯಾಂಕಿಗೆ ಕೂರುವ ಕಡೆಯ ಬಿಗ್ ಎಂಡ್ ಬೇರಿಂಗ್ ಕಿತ್ತು ಹೋಗಿ ಕ್ರ್ಯಾಂಕ್ ಗೀರಿತ್ತು. ಲೈಟ್ ಒತ್ತಡದ ಲೆಕ್ಕ ಮಾತ್ರ ಹೇಳುತ್ತದೆ. ಎಣ್ಣೆ ಮಂದವಾದರೆ ಹರಿವು ಕಡಿಮೆ ಇದ್ದರೂ ಒತ್ತಡ ಕಾಣಿಸುತ್ತದೆ. ಆ ಲೈಟ್ ಸತ್ಯವನ್ನೇ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದವನು ನಾನು. ಚೇಂಬರ್ ಇಳಿಸಿ ಜಾಲರಿ ತೊಳೆದಿದ್ದರೆ ಅರ್ಧ ದಿನದ ಕೆಲಸ. ಭಾವನ ಹತ್ತಿರ "ಹಳೇ ಗಾಡಿ ಅಲ್ವಾ, ಆಗುತ್ತೆ" ಅಂದೆ. ಅವರು ನಂಬಿದರು. ಭಾವ, ಇದನ್ನು ಓದುತ್ತಿದ್ದರೆ, ಕ್ಷಮಿಸಿ. ಭಾನುವಾರ ಮನೆಗೆ ಬರುತ್ತೇನೆ.

ಅದಕ್ಕೇ ಹೇಳುವುದು, ಹೊಗೆ ಬಂದರೆ ಮೊದಲು ಯಾವಾಗ ಬರುತ್ತದೆ ಅಂತ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ ಹೆಚ್ಚಾಗಿ ವಾಲ್ವ್ ಸೀಲ್. ರಾತ್ರಿಯೆಲ್ಲ ಎಣ್ಣೆ ತೊಟ್ಟಿಕ್ಕಿ ಒಳಗೆ ಇಳಿದಿರುತ್ತದೆ. ಸಣ್ಣ ರಬ್ಬರ್, ಸಣ್ಣ ಖರ್ಚು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗು, ಬೋರು. ಅನುಮಾನ ಇದ್ದರೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ. ಪ್ಲಗ್ ತೂತಿನಲ್ಲಿ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿಸಿ. ಅಂಕಿ ಏರಿದರೆ ರಿಂಗು ಸೋರುತ್ತಿದೆ, ಏರದಿದ್ದರೆ ಹೆಚ್ಚಾಗಿ ವಾಲ್ವು. ಹತ್ತು ನಿಮಿಷದ ಕೆಲಸ. ಆ ಹುಡುಗನ ಗಾಡಿಗೆ ಒಂದು ವರ್ಷದಲ್ಲಿ ಒಬ್ಬರೂ ಈ ಹತ್ತು ನಿಮಿಷ ಕೊಟ್ಟಿಲ್ಲ. ಎಣ್ಣೆಯ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಕೂಡ ತೆಗೆದು ನೋಡಿಲ್ಲ. ಈ ಸಲ ಬಿಚ್ಚುವಾಗ ಕಾಲು ಲೀಟರ್ ಎಣ್ಣೆಯೂ ಇರಲಿಲ್ಲವಂತೆ. ಇಷ್ಟು ಗಟ್ಟಿ, ಅಷ್ಟು ಗಟ್ಟಿ ಅಂತ ಮಾತಾಡಿದವರು ಎಣ್ಣೆ ಇದೆಯಾ ಅಂತಲೇ ನೋಡಲಿಲ್ಲ.

ಇನ್ನೊಂದು. ಎಣ್ಣೆ ಕಪ್ಪಾಯಿತು ಅಂತ ಬೈಯಬೇಡಿ. ಕೊಳೆ ಹಿಡಿದುಕೊಂಡಿದೆ, ಅದರ ಕೆಲಸವೇ ಅದು. ಸಮಯಕ್ಕೆ ಸರಿಯಾಗಿ ಬದಲಾಯಿಸಿ, ಸಾಕು. ಟ್ರಾಫಿಕ್‌ನಲ್ಲಿ ನಿಂತು ನಿಂತು ಓಡುವ ಗಾಡಿಗೆ ಕಿಲೋಮೀಟರ್ ಕಡಿಮೆ ತೋರಿಸಿದರೂ ಎಂಜಿನ್ ತಿರುಗಿದ ಗಂಟೆ ಜಾಸ್ತಿ ಇರುತ್ತದೆ, ಅಂಥವರು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಬೇಗನೇ ಬದಲಾಯಿಸಿ.

ಆ ಬ್ಲಾಕ್ 0.25 ಮಿ.ಮೀ. ದೊಡ್ಡದಾಗಿ ಕೊರೆದರೆ ಕ್ಲೀನ್ ಆಗುವ ಹಾಗೆ ಕಾಣಲಿಲ್ಲ, ಬೋರು ಮೊಟ್ಟೆಯಾಕಾರ ಆಗಿದೆ. 0.50 ದೊಡ್ಡ ಪಿಸ್ಟನ್ ತರಲು ಹೇಳಿದೆ. ಹುಡುಗ ನಾಳೆ ನಾಲ್ಕು ಗಂಟೆಗೆ ಬರುತ್ತಾನೆ. ಜೊತೆಗೆ ಹೊಸ ಏರ್ ಫಿಲ್ಟರ್ ಮತ್ತೆ ಒಂದು ಡಬ್ಬ 10ಡಬ್ಲ್ಯೂ30 ತಂದು ನನಗೆ ತೋರಿಸಬೇಕು, ಇಲ್ಲದಿದ್ದರೆ ಬ್ಲಾಕ್ ಕೊಡುವುದಿಲ್ಲ ಅಂದಿದ್ದೇನೆ. "ಆಯ್ತು ಅಣ್ಣಾ" ಅಂತ ಹೋಗಿದ್ದಾನೆ.